ಹಳೆಯ ಆಟದ ಗಣಕಕ್ಕೆ ಇನ್ನಷ್ಟು ಆಯುಷ್ಯ

(ರಾಯಚೂರು ತಾಲ್ಲೂಕಿನ ಯರಗೇರಾದಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ. ಮಲೆನಾಡಿನ ಓದುಗರ ಅನುಕೂಲಕ್ಕಾಗಿ ಕೆಲವು ವಿವರಗಳನ್ನು ಸೇರಿಸಲಾಗಿದೆ.)



ಪರಿಸರವನ್ನು ಕುರಿತು ಮಾತನಾಡುವವರು ಕಾಡು, ನದಿ, ಅಣೆಕಟ್ಟುಗಳಿಂದ ಮಾತು ಆರಂಭಿಸುವುದು ವಾಡಿಕೆ. ನಾನು ಇಂದು ಆಟವಾಡುವ ಗಣಕಯಂತ್ರದಿಂದ ಆರಂಭಿಸುತ್ತಿದ್ದೇನೆ. ‘ಆಟ ಬಿಟ್ಟು ಓದಿಕೊಳ್ಳಿರಿ’ ಎಂಬ ಉಪದೇಶ ಬರುತ್ತದೆಂದು ಹಿಂದಿನ ಸಾಲಿನವರು ಎದ್ದು ಹೋಗಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ಏಳೆಂಟು ವರ್ಷ ಹಳೆಯದಾದ ಗಣಕವು ಹೊಸ ಆಟವನ್ನು ತಡವರಿಸುತ್ತ ನಡೆಸತೊಡಗಿದಾಗ ಏನು ಮಾಡಬೇಕು? ಅಂಗಡಿಗೆ ಹೋದರೆ, ‘ಇದರ ಕಾಲ ಮುಗಿಯಿತು, ಹೊಸದನ್ನೇ ಕೊಳ್ಳಿರಿ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಹತ್ತಿಯ ಧಾರಣೆ, ಮೆಣಸಿನಕಾಯಿಯ ಧಾರಣೆ ನೋಡಿಕೊಂಡು ಮಕ್ಕಳ ಶುಲ್ಕ ಕಟ್ಟುವ ಮನೆಗೆ ಆ ಉತ್ತರದ ಭಾರ ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಗಣಕ. ಹಗಲು ತಂಗಿಯ ಪಾಠಕ್ಕೆ, ಸಂಜೆ ಅಪ್ಪನ ಪಹಣಿಗೆ, ರಾತ್ರಿ ಅಣ್ಣನ ಆಟಕ್ಕೆ ಅದೇ ಯಂತ್ರ. ಅದನ್ನು ಕಡಿಮೆ ಖರ್ಚಿನಲ್ಲಿ ಚುರುಕುಗೊಳಿಸಿ ಉಳಿಸಿಕೊಳ್ಳುವುದು ಹೇಗೆಂಬುದೇ ಇಂದಿನ ವಿಷಯ.

ಈ ವಿಷಯಕ್ಕೆ ಯರಗೇರಾ ತಕ್ಕ ಸ್ಥಳವೆಂದು ನನಗನಿಸುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು, ಅನಂತರ ಸ್ವತಂತ್ರ ವಿಶ್ವವಿದ್ಯಾಲಯವಾದ ಆವರಣ ಇಲ್ಲಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಭೂಗೋಳದ್ದು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನೆಲದಿಂದ ಉತ್ತರಕ್ಕೆ ಹೋದರೆ ಶಕ್ತಿನಗರ. ಅಲ್ಲಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಕೆಲಸ ಆರಂಭಿಸಿತು. ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1720 ಮೆಗಾವ್ಯಾಟ್. ಪಶ್ಚಿಮಕ್ಕೆ ಹೋದರೆ ಲಿಂಗಸೂಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ. ಗಣಕವೊಂದು ನಮ್ಮಿಂದ ಕೇಳುವುದು ಈ ಎರಡನ್ನೇ: ಹುಟ್ಟುವಾಗ ಲೋಹ, ಬದುಕಿರುವಷ್ಟು ಕಾಲ ವಿದ್ಯುತ್ತು. ಹಟ್ಟಿಯಲ್ಲಿ ನೆಲದಾಳದಿಂದ ಒಂದು ಟನ್ ಅದಿರನ್ನು ಮೇಲಕ್ಕೆ ತಂದು ಪುಡಿಮಾಡಿದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಗಣಕಗಳ ಒಂದು ಟನ್ ಮದರ್‌ಬೋರ್ಡುಗಳಲ್ಲಿ ಅದರ ಹಲವು ಪಟ್ಟು ಚಿನ್ನವಿರುತ್ತದೆ. ಹೀಗಿದ್ದೂ ನಾವು ಅದನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕುತ್ತೇವೆ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದೆಂದು ದಾಖಲಾದದ್ದು ಶೇಕಡಾ 22.3 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಎಲ್ಲಿಯೋ ಬಯಲಿನಲ್ಲಿ ಸುಡುತ್ತದೆ, ಆಮ್ಲದಲ್ಲಿ ಅದ್ದಿಸಿಕೊಳ್ಳುತ್ತದೆ, ಇಲ್ಲವೇ ಹಳ್ಳದ ದಂಡೆಯಲ್ಲಿ ಬೀಳುತ್ತದೆ. ಆದ್ದರಿಂದ ನಾವು ಎರಡು ಲೆಕ್ಕಗಳನ್ನು ಜೊತೆಯಾಗಿ ಇಡಬೇಕು. ಒಂದು ವಸ್ತುವಿನ ಲೆಕ್ಕ, ಇನ್ನೊಂದು ವಿದ್ಯುತ್ತಿನ ಲೆಕ್ಕ. ಮನೆಯ ಹಣದ ಲೆಕ್ಕ ಇವೆರಡರ ಪಕ್ಕದಲ್ಲಿಯೇ ನಡೆಯುತ್ತದೆ.

ಈಗ ಯಂತ್ರಕ್ಕೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅದರ ಕೊನೆಯ ಭಾಗದಲ್ಲಿ ನಿಮ್ಮ ರಾಯಚೂರು ತಾಲ್ಲೂಕಿದೆ. ಕೊನೆಯ ಭಾಗದ ರೈತನಿಗೆ ಒಂದು ಸತ್ಯ ಯಾರೂ ಕಲಿಸದೆಯೇ ತಿಳಿದಿರುತ್ತದೆ. ಮೇಲೆ ಎಲ್ಲಿ ಹರಿವು ತಡೆದಿದೆಯೋ ಅಲ್ಲಿ ನೋಡದೆ, ತನ್ನ ಹೊಲಗಾಲುವೆಯನ್ನು ಎಷ್ಟು ಅಗಲ ಮಾಡಿದರೂ ನೀರು ಬರುವುದಿಲ್ಲ. ಗಣಕವೂ ಹಾಗೆಯೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಡಿಸ್ಕ್ ಈ ನಾಲ್ಕರಲ್ಲಿ ಯಾವುದು ಇಕ್ಕಟ್ಟಾಗಿದೆಯೋ ಅದು ಉಳಿದ ಮೂರನ್ನೂ ಕಾಯಿಸುತ್ತದೆ. ಆ ಇಕ್ಕಟ್ಟನ್ನು ಗುರುತಿಸುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು.

ಗುರುತಿಸುವ ಬಗೆ ಸರಳ. ನಿಮಗೆ ತೊಂದರೆ ಕೊಡುವ ಆಟವನ್ನೇ ಆಡುತ್ತ, ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟುಕೊಳ್ಳಿರಿ. ಗ್ರಾಫಿಕ್ಸ್ ಕಾರ್ಡು ಶೇಕಡಾ 95ಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಇಕ್ಕಟ್ಟು ಅಲ್ಲಿದೆ. ಅದು ಅರ್ಧದಷ್ಟೇ ದುಡಿಯುತ್ತಿದ್ದು ಆಟ ತಡವರಿಸುತ್ತಿದ್ದರೆ ಸಂಶಯ ಪ್ರೊಸೆಸರಿನ ಮೇಲೆ. ರ‍್ಯಾಮ್ ತುಂಬಿಹೋಗಿ ಡಿಸ್ಕು ಶೇಕಡಾ 100ನ್ನು ತೋರಿಸುತ್ತಿದ್ದರೆ ಮೊದಲ ಚಿಕಿತ್ಸೆ ರ‍್ಯಾಮಿಗೆ. ಇನ್ನೂ ಒಂದು ಪರೀಕ್ಷೆಯುಂಟು. ಆಟದ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ ನೋಡಿರಿ. ಸೆಕೆಂಡಿಗೆ ಮೂಡುವ ಚೌಕಟ್ಟುಗಳ, ಅಂದರೆ ಫ್ರೇಮುಗಳ, ಸಂಖ್ಯೆ ಚೆನ್ನಾಗಿ ಏರಿದರೆ ಕಾರ್ಡು ದುರ್ಬಲ. ಏನೂ ಬದಲಾಗದಿದ್ದರೆ ಪ್ರೊಸೆಸರು ದುರ್ಬಲ. ಅರ್ಧ ಗಂಟೆಯ ಈ ಪರೀಕ್ಷೆ ಸಾವಿರಾರು ರೂಪಾಯಿಗಳ ವ್ಯರ್ಥ ಖರೀದಿಯನ್ನು ತಪ್ಪಿಸುತ್ತದೆ.

ಇನ್ನು ಹಣವೇ ಬೇಡದ ಚಿಕಿತ್ಸೆ. ನಿಮ್ಮ ಊರಿನ ಬಿಸಿಲನ್ನು ಗಣಕವೂ ಅನುಭವಿಸುತ್ತದೆ. ದುಡಿಯುವಾಗ ಪ್ರೊಸೆಸರು ಕೋಣೆಯ ಗಾಳಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳಿರಿ. 25 ಡಿಗ್ರಿಯ ಕೋಣೆಯಲ್ಲಿ ಅದು 75. ಮೇ ತಿಂಗಳ 42 ಡಿಗ್ರಿಯ ಕೋಣೆಯಲ್ಲಿ 92. ಇಂಟೆಲಿನ ಅನೇಕ ಪ್ರೊಸೆಸರುಗಳು 100 ಡಿಗ್ರಿಯ ಸಮೀಪ ಬಂದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ವೇಗ ತಗ್ಗಿಸುತ್ತವೆ. ಅದರ ಮೇಲೆ ರಸ್ತೆಯ ಧೂಳು, ಹತ್ತಿಯ ಎಳೆ ಫ್ಯಾನಿನ ಹಿಂದೆ ಕಂಬಳಿಯಂತೆ ಕೂತಿದ್ದರೆ ಕೇಳುವುದೇ ಬೇಡ. ‘ಗಣಕ ಹಳತಾಯಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ವಿದ್ಯುತ್ ತಂತಿಯನ್ನು ಕಿತ್ತು, ಕ್ಯಾಬಿನೆಟ್ಟನ್ನು ಹೊರಗೆ ತಂದು, ಫ್ಯಾನು ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರಿನಿಂದ ಧೂಳು ಊದಿರಿ. ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿರಿ. ಅದಕ್ಕೆ ಕೆಲವು ನೂರು ರೂಪಾಯಿ ಸಾಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿರಿ. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಮಲೆನಾಡಿನ ಓದುಗರಿಗೆ ಬಿಸಿಲಿಗಿಂತ ತೇವ ಮತ್ತು ಸಿಡಿಲಿನ ಕಾಟ ಹೆಚ್ಚು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಗಣಕಕ್ಕಿಂತ ದಿನಕ್ಕೆ ಒಂದಿಷ್ಟು ಹೊತ್ತು ಚಾಲೂ ಇರುವ ಗಣಕ ಒಣಗಿರುತ್ತದೆ. ಗುಡುಗು ಕೇಳಿದೊಡನೆ ವಿದ್ಯುತ್ ತಂತಿಯನ್ನಷ್ಟೇ ಕಿತ್ತರೆ ಸಾಲದು, ಅಂತರ್ಜಾಲದ ತಂತಿಯನ್ನೂ ಕೀಳಬೇಕು. ಸಿಡಿಲು ಆ ದಾರಿಯಿಂದಲೂ ಒಳಗೆ ಬರುತ್ತದೆ.

ಖರ್ಚು ಮಾಡಲೇಬೇಕಾದರೆ ಮೊದಲ ಸ್ಥಾನ ಎಸ್‌ಎಸ್‌ಡಿಗೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಮುಳ್ಳು ಓಡಾಡಿ ಮಾಹಿತಿಯನ್ನು ಹುಡುಕಬೇಕು; ಎಸ್‌ಎಸ್‌ಡಿಯಲ್ಲಿ ಆ ಓಡಾಟವಿಲ್ಲ. ಹಳೆಯ ಮದರ್‌ಬೋರ್ಡಿನ ಸಾಟಾ ಕಿಂಡಿಗೆ ಹಾಕುವ ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ. ಇದರಿಂದ ಫ್ರೇಮುಗಳ ಸಂಖ್ಯೆ ಏರುವುದಿಲ್ಲ ಎಂಬುದು ನೆನಪಿರಲಿ. ಗಣಕ ಬೇಗ ತೆರೆದುಕೊಳ್ಳುತ್ತದೆ, ಆಟ ಬೇಗ ಆರಂಭವಾಗುತ್ತದೆ, ನಡುನಡುವೆ ಗಕ್ಕನೆ ನಿಲ್ಲುವುದು ಕಡಿಮೆಯಾಗುತ್ತದೆ. ತಂಗಿಯ ಪಾಠಕ್ಕೂ ಅಪ್ಪನ ಪಹಣಿಗೂ ಇದರಷ್ಟು ಉಪಕಾರಿಯಾದ ಬದಲಾವಣೆ ಇನ್ನೊಂದಿಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ಎಸೆಯದೆ ಚಿತ್ರ, ಪಾಠ, ಚಲನಚಿತ್ರಗಳ ಉಗ್ರಾಣವಾಗಿ ಒಳಗೇ ಉಳಿಸಿಕೊಳ್ಳಬಹುದು.

ಎರಡನೆಯದು ರ‍್ಯಾಮ್. ಇಂದಿನ ಬಹುಪಾಲು ಆಟಗಳಿಗೆ 8 ಜಿಬಿ ಇಕ್ಕಟ್ಟು, 16 ಜಿಬಿ ನೆಮ್ಮದಿ. ಒಂದೇ ತುಂಡಿಗಿಂತ ಸಮನಾದ ಎರಡು ತುಂಡುಗಳು ಲೇಸು. ಆಗ ಮಾಹಿತಿ ಒಂದು ಕಾಲುವೆಗೆ ಬದಲು ಎರಡು ಕಾಲುವೆಗಳಲ್ಲಿ ಹರಿಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಗಣಕಗಳಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಕೊಳ್ಳುವ ಮೊದಲು ನಿಮ್ಮ ಬೋರ್ಡು ಡಿಡಿಆರ್3ರದೋ ಡಿಡಿಆರ್4ರದೋ ನೋಡಿಕೊಳ್ಳಿರಿ. ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದೇ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಬಹಳ ಏರಿತು. ದೂರದ ದೇಶದಲ್ಲಿ ಏಳುವ ಕಟ್ಟಡವೊಂದು ಯರಗೇರಾದ ವಿದ್ಯಾರ್ಥಿಯ ಜೇಬಿಗೆ ಕೈಹಾಕುವುದು ಹೀಗೆ. ಇಂಥ ಸಮಯದಲ್ಲಿ ಗೆಳೆಯನ ಕೆಟ್ಟ ಗಣಕದಲ್ಲಿ ಸುಮ್ಮನೆ ಕೂತಿರುವ ಒಳ್ಳೆಯ ತುಂಡು ಅಂಗಡಿಯ ಹೊಸ ತುಂಡಿಗಿಂತ ಬೆಲೆಬಾಳುತ್ತದೆ. ರ‍್ಯಾಮಿನಲ್ಲಿ ಸವೆಯುವ ಭಾಗವಿಲ್ಲ. ಪರೀಕ್ಷಿಸಿ ತೆಗೆದುಕೊಂಡರೆ ಸೆಕೆಂಡ್ ಹ್ಯಾಂಡ್ ರ‍್ಯಾಮಿಗೆ ಹೆದರಬೇಕಾಗಿಲ್ಲ.

ಮೂರನೆಯದಾಗಿ ಪ್ರೊಸೆಸರ್. ಬೋರ್ಡನ್ನು ಬದಲಿಸದೆ ಪ್ರೊಸೆಸರನ್ನಷ್ಟೇ ಬದಲಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸಬೇಕು. ಇಂಟೆಲಿನ ನಾಲ್ಕನೆಯ ತಲೆಮಾರಿನ ಐ3 ಅಥವಾ ಐ5 ಇರುವ ಬೋರ್ಡಿಗೆ ಅದೇ ತಲೆಮಾರಿನ ಐ7-4770 ಅಥವಾ 4790 ಸಾಮಾನ್ಯವಾಗಿ ಹೊಂದುತ್ತದೆ. ಆರು ಮತ್ತು ಏಳನೆಯ ತಲೆಮಾರಿನ ಬೋರ್ಡುಗಳಲ್ಲಿ ಮಾತ್ರ ಎಚ್ಚರ ಬೇಕು. ಎಂಟನೆಯ ತಲೆಮಾರಿನ ಪ್ರೊಸೆಸರಿನ ಸಾಕೆಟ್ಟಿನ ಹೆಸರೂ ಅದೇ 1151 ಆದರೂ ಅದು ಆ ಬೋರ್ಡುಗಳಲ್ಲಿ ಕೆಲಸ ಮಾಡದು. ಎಎಂಡಿಯ ಎಎಂ4 ಸಾಕೆಟ್ ಈ ವಿಷಯದಲ್ಲಿ ಉದಾರಿ. 2017ರಲ್ಲಿ ಮೊದಲ ರೈಜನ್ ಜೊತೆ ಕೊಂಡ ಬೋರ್ಡಿಗೆ, ತಯಾರಕರು ಹೊಸ ಬಯೋಸ್ ಕೊಟ್ಟಿದ್ದರೆ, 2022ರಲ್ಲಿ ಬಂದ ರೈಜನ್ 5 5600 ಕೂಡ ಹೊಂದಿಕೊಳ್ಳುತ್ತದೆ. ಒಂದೇ ಬೋರ್ಡು ಐದು ವರ್ಷ ಈಚಿನ ಪ್ರೊಸೆಸರನ್ನು ಹೊರುವುದೆಂದರೆ ಪರಿಸರದ ದೃಷ್ಟಿಯಿಂದ ದೊಡ್ಡ ಮಾತು. ಹೊಸದಾಗಿ ಗಣಕ ಕೊಳ್ಳುವವರು ಕೂಡ, ‘ಮುಂದೆ ಇದರಲ್ಲಿ ಏನನ್ನು ಬದಲಿಸಬಹುದು?’ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಮೊದಲೇ ಕೇಳಬೇಕು.

ನಾಲ್ಕನೆಯದು ಗ್ರಾಫಿಕ್ಸ್ ಕಾರ್ಡ್. ಆಟದ ಗಣಕದಲ್ಲಿ ಹೆಚ್ಚು ಹಣವನ್ನೂ ಹೆಚ್ಚು ವಿದ್ಯುತ್ತನ್ನೂ ತಿನ್ನುವುದು ಇದೇ. ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್ ನೋಡಬೇಕು. ಕ್ಯಾಬಿನೆಟ್ಟಿನ ಜೊತೆಗೆ ಬಂದ ಅಗ್ಗದ ಎಸ್‌ಎಂಪಿಎಸ್‌ನ ಮೇಲೆ ಬರೆದಿರುವ ವ್ಯಾಟುಗಳನ್ನು ನಂಬಿ ದೊಡ್ಡ ಕಾರ್ಡನ್ನು ಹಾಕುವುದು, ಸವೆದ ಹಗ್ಗದಿಂದ ತುಂಬಿದ ಕೊಡವನ್ನು ಸೇದಿದಂತೆ. ವೋಲ್ಟೇಜು ಏರಿಳಿಯುವ ಹಳ್ಳಿಗಳಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಉಳಿದೆಲ್ಲ ಭಾಗಗಳ ರಕ್ಷಕರು. ಕಚೇರಿ, ಬ್ಯಾಂಕುಗಳ ಹರಾಜಿನಲ್ಲಿ ಬಂದ ಸಣ್ಣ ಕ್ಯಾಬಿನೆಟ್ಟಿನ ಗಣಕವಾದರೆ ಗಿಡ್ಡ ಕಾರ್ಡೇ ಬೇಕಾಗುತ್ತದೆ. ಬೇರೆ ವಿದ್ಯುತ್ ಕೊಂಡಿ ಬೇಡದ ಕಾರ್ಡುಗಳು ಬೋರ್ಡಿನ ಕಿಂಡಿಯಿಂದಲೇ 75 ವ್ಯಾಟಿನವರೆಗೆ ಪಡೆದು ನಡೆಯುತ್ತವೆ. 2019ರ ಜಿಟಿಎಕ್ಸ್ 1650ರಲ್ಲಿ ಅಂಥವು ಹೇರಳ. 2022ರ ಆರ್‌ಎಕ್ಸ್ 6400 ಇನ್ನೂ ಮಿತವ್ಯಯಿ, 53 ವ್ಯಾಟ್. ಆದರೆ ಅದು ಬೋರ್ಡಿನೊಡನೆ ನಾಲ್ಕೇ ಹಾದಿಗಳಲ್ಲಿ ಮಾತನಾಡುವುದರಿಂದ ಹಳೆಯ ಬೋರ್ಡುಗಳಲ್ಲಿ ತನ್ನ ಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಜಿಟಿಎಕ್ಸ್ 750 ಟಿಐ, 1050 ಟಿಐ, 1060 ಮೊದಲಾದ ಹಳೆಯ ತಲೆಮಾರುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಈಗಾಗಲೇ ಇದ್ದರೆ ಬಳಸಿರಿ. ಹೊಸದಾಗಿ ಹಣ ಕೊಟ್ಟು ಕೊಳ್ಳಬೇಡಿರಿ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಪ್ರಸಿದ್ಧ, ರಾಯಚೂರಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇನ್ನೂ ಹತ್ತಿರ. ಕಣ್ಣೆದುರಿಗೆ ಅರ್ಧ ಗಂಟೆಯಾದರೂ ಆಟ ಓಡಿಸಿ ತೋರಿಸದ ಕಾರ್ಡನ್ನು ಕೊಳ್ಳಬೇಡಿರಿ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ ಹಗಲಿರುಳೂ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಫ್ಯಾನಿನ ಸದ್ದು, ಬಿಸಿ, ಪರದೆಯ ಮೇಲಿನ ಕಲೆಗಳನ್ನು ಗಮನಿಸಿ ತೀರ್ಮಾನಿಸಬೇಕು.

ಇಲ್ಲಿ ವಸ್ತುವಿನ ಲೆಕ್ಕ ಮತ್ತು ವಿದ್ಯುತ್ತಿನ ಲೆಕ್ಕ ಎದುರುಬದುರಾಗುತ್ತವೆ. 2017ರ ಆರ್‌ಎಕ್ಸ್ 580 ಕಾರ್ಡು ಹಳೆಯ ಮಾಲಿನ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತದೆ, 1650ಗಿಂತ ಬಲಶಾಲಿಯೂ ಹೌದು. ಆದರೆ ಅದರ ಬಳಕೆ 185 ವ್ಯಾಟ್, 1650ರದು 75. ವ್ಯತ್ಯಾಸ 110 ವ್ಯಾಟ್. ದಿನಕ್ಕೆ 3 ಗಂಟೆ ಆಡಿದರೆ ವರ್ಷಕ್ಕೆ ಸುಮಾರು 120 ಯೂನಿಟ್ ಹೆಚ್ಚುವರಿ ವಿದ್ಯುತ್ತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿದರೆ, ಒಂದೇ ಕಾರ್ಡಿನ ವ್ಯತ್ಯಾಸಕ್ಕೆ ವರ್ಷಕ್ಕೆ 80 ಕಿಲೋ ದಾಟುತ್ತದೆ. ಅದು ಸುಟ್ಟ ಬೂದಿ ಶಕ್ತಿನಗರದ ಸುತ್ತಲಿನ ಹಳ್ಳಿಗಳಿಗೆ ಪರಿಚಿತವಾದದ್ದು. ಜಲವಿದ್ಯುತ್ತಾದರೆ ಭಾರವಿಲ್ಲವೆಂದು ಹೇಳುವಂತಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ, ತೋಟ ಬಿಟ್ಟು ಎದ್ದವರ ನಾಡಿನಿಂದ ನಾನು ಬಂದಿದ್ದೇನೆ. ಶರಾವತಿಯ ವಿದ್ಯುತ್ತೂ ಶಕ್ತಿನಗರದ ವಿದ್ಯುತ್ತೂ ಸೇರುವುದು ಒಂದೇ ಜಾಲಕ್ಕೆ.

ಹಾಗಾದರೆ ಹಳೆಯ ಕಾರ್ಡು ಬೇಡವೇ? ವಾರಕ್ಕೆ ಎರಡು ಮೂರು ಗಂಟೆ ಆಡುವವರಿಗೆ ಹಳೆಯ ಕಾರ್ಡೇ ಸರಿ. ಅದನ್ನು ತಯಾರಿಸಿದ ಲೋಹ, ನೀರು, ಇಂಧನಗಳು ಎಂದೋ ಖರ್ಚಾಗಿವೆ, ಹೆಚ್ಚುವರಿ ವಿದ್ಯುತ್ತು ಅಲ್ಪ. ದಿನವೂ ನಾಲ್ಕು ಗಂಟೆ ಆಡುವವರಿಗೆ ಕಡಿಮೆ ವ್ಯಾಟಿನ ಈಚಿನ ಕಾರ್ಡು ಎರಡೂ ಲೆಕ್ಕಗಳಲ್ಲಿ ಮೇಲು. ಯಾವುದೇ ಕಾರ್ಡಿರಲಿ, ಆಟದ ಸೆಟ್ಟಿಂಗಿನಲ್ಲಿ ಫ್ರೇಮುಗಳಿಗೆ 60ರ ಮಿತಿ ಹಾಕಿರಿ. ನಿಮ್ಮ ಮಾನಿಟರು 60 ಹರ್ಟ್ಸಿನದಾದರೆ ಅದಕ್ಕಿಂತ ಹೆಚ್ಚಿನ ಫ್ರೇಮುಗಳನ್ನು ಅದು ಪೂರ್ತಿಯಾಗಿ ತೋರಿಸಲಾರದು. ಕಾರ್ಡು ಮಾತ್ರ ಬೆವರು ಸುರಿಸುತ್ತಿರುತ್ತದೆ.

ಇನ್ನೊಂದು ಸಂಕಟ ತಂತ್ರಾಂಶದಿಂದ ಬಂದಿದೆ. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪೂ, ಹೆಚ್ಚುಕಡಿಮೆ ಇಂಟೆಲಿನ ಎಂಟನೆಯ ತಲೆಮಾರು ಅಥವಾ ಅನಂತರದ ಪ್ರೊಸೆಸರೂ ಇರಬೇಕು. ನಿನ್ನೆಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರ, ಒಳಗಿನ ಒಂದು ತಿರುಪೂ ಸಡಿಲವಾಗದೆ, ದಿನಾಂಕವೊಂದರಿಂದ ಹಳತಾಯಿತು. ಇದಕ್ಕೆ ನಮ್ಮ ಕೈಯಲ್ಲಿರುವ ಉತ್ತರ ಲಿನಕ್ಸ್. 2018ರಲ್ಲಿ ಸ್ಟೀಮ್ ತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿಗಾಗಿ ಬರೆದ ಸಾವಿರಾರು ಆಟಗಳು ಲಿನಕ್ಸಿನಲ್ಲಿ ನಡೆಯುತ್ತವೆ. ಎಲ್ಲವೂ ನಡೆಯುವುದಿಲ್ಲ. ವ್ಯಾಲರಂಟ್‌ನಂಥ ಕೆಲವು ಸ್ಪರ್ಧೆಯ ಆಟಗಳ ಮೋಸ ತಡೆಯುವ ತಂತ್ರಾಂಶ ಲಿನಕ್ಸನ್ನು ಒಪ್ಪುವುದಿಲ್ಲ. ಡೋಟಾ 2, ಕೌಂಟರ್ ಸ್ಟ್ರೈಕ್ 2 ಸಲೀಸಾಗಿ ನಡೆಯುತ್ತವೆ. ನೀವು ಆಡುವ ಆಟ ಯಾವುದೆಂದು ನೋಡಿ ನಿರ್ಧರಿಸಿರಿ.

ಕಡೆಯದಾಗಿ, ಬಿಚ್ಚಿ ತೆಗೆದ ಭಾಗ ಎಲ್ಲಿಗೆ ಹೋಗಬೇಕು? ನಡೆಯುವ ಸ್ಥಿತಿಯಲ್ಲಿದ್ದರೆ ಮೊದಲ ಹಕ್ಕು ಪಕ್ಕದ ಮನೆಯ ಹುಡುಗನದು, ಎರಡನೆಯದು ಊರಿನ ಶಾಲೆಯದು. ನಿಮಗೆ ಸಾಲದ 4 ಜಿಬಿ ರ‍್ಯಾಮಿನ ತುಂಡು ಬೆರಳಚ್ಚು ಕಲಿಯುವ ಮಗುವಿನ ಗಣಕಕ್ಕೆ ಬಲ ಕೊಡುತ್ತದೆ. ಪೂರ್ತಿ ಕೆಟ್ಟಿದ್ದರೆ ಅದನ್ನು ತಿಪ್ಪೆಗಾಗಲಿ ಬೆಂಕಿಗಾಗಲಿ ಹಾಕಬಾರದು. ತಾಮ್ರಕ್ಕಾಗಿ ತಂತಿ ಸುಟ್ಟರೆ ಏಳುವ ಹೊಗೆ ವಿಷ. ಹಳೆಯ ಬೋರ್ಡಿನ ಬೆಸುಗೆಯಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ನೋಂದಾಯಿತ ಘಟಕಗಳೇ ಈ ಕೆಲಸ ಮಾಡಬೇಕೆಂದಿವೆ. ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಷ್ಟು ಹಿಂದೆಯೇ ಇಂಥ ಕೆಲಸ ಆರಂಭಿಸಿತ್ತು. ಒಬ್ಬೊಬ್ಬರ ಒಂದೊಂದು ಬೋರ್ಡಿಗಾಗಿ ಯಾರೂ ಯರಗೇರಾಕ್ಕೆ ಬರುವುದಿಲ್ಲ ಎಂಬುದು ನಿಜ. ಆದರೆ ವಿದ್ಯಾರ್ಥಿನಿಲಯದ ಒಂದು ಮೂಲೆಯಲ್ಲಿ ಒಣಗಿದ ಪೆಟ್ಟಿಗೆಯಿಟ್ಟು ವರ್ಷಪೂರ್ತಿ ಕೂಡಿಸಿದರೆ, ಕರೆದೊಯ್ಯಲು ಯೋಗ್ಯವಾದ ಒಂದು ಹೊರೆ ಆಗುತ್ತದೆ. ಅದೇ ಪೆಟ್ಟಿಗೆಯಿಂದ ದುರಸ್ತಿಗೆ ಬೇಕಾದ ಭಾಗವನ್ನೂ ಆರಿಸಿಕೊಳ್ಳಬಹುದು.

ನಾನು ಹೇಳಿದ ಕ್ರಮವನ್ನು ಮತ್ತೊಮ್ಮೆ ನೆನಪಿಸುತ್ತೇನೆ. ಮೊದಲು ಪರೀಕ್ಷೆ, ಅನಂತರ ಧೂಳು ಮತ್ತು ಪೇಸ್ಟ್, ಆಮೇಲೆ ಎಸ್‌ಎಸ್‌ಡಿ ಮತ್ತು ರ‍್ಯಾಮ್, ಬಳಿಕ ಪ್ರೊಸೆಸರ್, ಎಸ್‌ಎಂಪಿಎಸ್ ಸಹಿತವಾಗಿ ಕಾರ್ಡು. ಪ್ರತಿ ಹಂತದಲ್ಲಿಯೂ ನಿಂತು ಆಟವನ್ನು ಆಡಿ ನೋಡಿರಿ. ಆಟ ಹಿತವಾಗಿ ನಡೆಯಿತೆಂದರೆ ಅಲ್ಲಿಗೆ ನಿಲ್ಲಿಸಿರಿ. ಬೋರ್ಡು, ಪ್ರೊಸೆಸರು, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸಬೇಕಾದ ಸ್ಥಿತಿ ಬಂದರೆ ಮಾತ್ರ ಹೊಸ ಗಣಕದ ಯೋಚನೆ ಮಾಡಿರಿ; ಆಗಲೂ ಹಳೆಯ ಕ್ಯಾಬಿನೆಟ್ಟು, ಡಿಸ್ಕು, ಮಾನಿಟರು ಮುಂದುವರಿಯಲಿ.

ನಿಮ್ಮಲ್ಲಿ ಯಾರ ಬಳಿ ತಿರುಪುಳಿ ಇದೆಯೋ ಅವರು ಈ ಭಾನುವಾರ ಒಂದು ಕ್ಯಾಬಿನೆಟ್ಟನ್ನು ಬಿಚ್ಚಿರಿ. ತಂಗಿಯನ್ನೂ ಜೊತೆಗೆ ಕೂರಿಸಿಕೊಳ್ಳಿರಿ; ಮುಂದಿನ ಸಲ ಅವಳೇ ಬಿಚ್ಚಲಿ.